ಗೋಧಿಯ ರೊಟ್ಟಿ, ಭತ್ತದ ತೆನೆ

ಹನ್ನೆರಡು ವರ್ಷಗಳ ಕಾಲ ಒಂದೇ ಕಚೇರಿಯಲ್ಲಿ, ಎದುರುಬದುರು ಮೇಜುಗಳಲ್ಲಿ ಕುಳಿತು ದುಡಿದ ಹಿರಿಯ ಮಿತ್ರರೊಬ್ಬರು ನನಗಿದ್ದಾರೆ. ಮಂಗಳೂರಿನ ಕಡೆಯ ಕೊಂಕಣಿ ಕ್ಯಾಥೊಲಿಕ್ ಮನೆತನದವರು. ಪ್ರತಿ ಸೆಪ್ಟೆಂಬರಿನಲ್ಲಿ ನಾಲ್ಕು ದಿನ ರಜೆ ಹಾಕಿ ಊರಿಗೆ ಹೋಗುವುದು ಅವರ ತಪ್ಪದ ಪದ್ಧತಿ. ಮರಳಿ ಬಂದ ದಿನ ಪುಟ್ಟ ಕಾಗದದ ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಡುತ್ತಿದ್ದರು. ಅದರಲ್ಲಿ ಒಂದು ಚಿಟಿಕೆ ಅಕ್ಕಿಯ ಪುಡಿ. "ಹೊಸ ಅಕ್ಕಿ. ಹಾಲಿಗೆ ಹಾಕಿ ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿಯಿರಿ" ಎನ್ನುತ್ತಿದ್ದರು. ನಾವೂ ಹಾಗೆಯೇ ಮಾಡುತ್ತಿದ್ದೆವು.

ಅವರು ನಿವೃತ್ತರಾಗಿ ಊರಿಗೆ ತೆರಳಿದ ಮೇಲೆ ಪೊಟ್ಟಣ ಬರುವುದು ನಿಂತಿತು. ಬದಲಿಗೆ 2024ರ ಆಗಸ್ಟ್ ಕೊನೆಯಲ್ಲಿ ಕರೆ ಬಂದಿತು: "ಈ ಸಲ ನೀವೇ ಬನ್ನಿ. ತಾಯಿಗೆ ಎಂಬತ್ತೆಂಟು ನಡೆಯುತ್ತಿದೆ. ಹಾಸಿಗೆ ಹಿಡಿದಿದ್ದಾರೆ. ಪೊಟ್ಟಣ ಪಡೆಯುತ್ತಿದ್ದ ಬೆಂಗಳೂರಿನವರನ್ನು ಒಮ್ಮೆ ನೋಡಬೇಕಂತೆ."

ಸೆಪ್ಟೆಂಬರ್ 6ರ ರಾತ್ರಿ ಬಸ್ಸು ಹತ್ತಿದೆ. ಶಿರಾಡಿ ಘಟ್ಟವನ್ನು ನಿದ್ದೆಯಲ್ಲೇ ಇಳಿದು, ಬೆಳಗಾಗುವ ಹೊತ್ತಿಗೆ ಬಂಟ್ವಾಳದ ಬಯಲಿನಲ್ಲಿದ್ದೆವು. ಕಿಟಕಿಯ ಹೊರಗೆ ನೇತ್ರಾವತಿ ಕೆಂಪಗೆ, ತುಂಬಿ ಹರಿಯುತ್ತಿದ್ದಳು. ದಂಡೆಯ ಗದ್ದೆಗಳಲ್ಲಿ ತೆನೆ ಹಾಲುಗಟ್ಟಿ ಬಾಗಿತ್ತು. ಅಂದು ಗಣೇಶ ಚತುರ್ಥಿ. ಮಾರನೆಯ ದಿನ, 8ನೆಯ ತಾರೀಖು ಭಾನುವಾರ, ಕ್ರೈಸ್ತರ ಮೊಂತಿ ಹಬ್ಬ. ಹೀಗೆ ಎರಡು ಹಬ್ಬಗಳು ಬೆನ್ನುಬೆನ್ನಿಗೆ ಬಂದ ವರ್ಷವದು. ನಗರದ ಅಂಗಡಿ ಬೀದಿಗಳಲ್ಲಿ ಗಣಪತಿಗೆಂದು ಬಂದ ಕಬ್ಬು ಯಾವುದು, ಮೊಂತಿಗೆಂದು ಬಂದ ಕಬ್ಬು ಯಾವುದು ಎಂದು ಗುರುತಿಸುವಂತಿರಲಿಲ್ಲ.

ಮಿತ್ರರ ಮನೆ ನಗರದ ಹೊರಗೆ, ನದಿಗೆ ಸಮೀಪದ ಹಳ್ಳಿಯೊಂದರಲ್ಲಿದೆ. ಹೆಂಚಿನ ಮಾಡು, ಉದ್ದನೆಯ ಜಗಲಿ, ಅಂಗಳದ ಅಂಚಿಗೆ ತೆಂಗು, ಅದರಾಚೆ ಗದ್ದೆ. ಗದ್ದೆಯ ಮತ್ತೊಂದು ಬದಿಯಲ್ಲಿ ಇಂಥದೇ ಇನ್ನೊಂದು ಮನೆ ಕಾಣುತ್ತಿತ್ತು. "ಅದು ಯಾರದು?" ಎಂದು ಕೇಳಿದೆ. "ತಮ್ಮನದು" ಎಂದರು. ಅಷ್ಟಕ್ಕೇ ಮಾತು ನಿಲ್ಲಿಸಿ, ನನ್ನ ಚೀಲವನ್ನೆತ್ತಿಕೊಂಡು ಒಳಗೆ ನಡೆದರು.

ಚಿತ್ರಗಳ ಮಂದಿರದಲ್ಲಿ

ಹಬ್ಬಕ್ಕೆ ಒಂದು ದಿನವಿದ್ದುದರಿಂದ ಅಂದು ಮಧ್ಯಾಹ್ನ ನಗರವನ್ನು ತೋರಿಸಲು ಕರೆದೊಯ್ದರು. ಮಂಗಳೂರಿಗೆ ಬಂದವರು ಬಾವುಟಗುಡ್ಡೆಯ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರವನ್ನು ನೋಡದೆ ಹೋಗಬಾರದು. ಕಾಲೇಜು ಆರಂಭವಾದದ್ದು 1880ರಲ್ಲಿ. ಮಂದಿರದ ಗೋಡೆಗಳನ್ನೂ ಮಾಡಿನ ಒಳಮೈಯನ್ನೂ ಚಿತ್ರಗಳಿಂದ ತುಂಬಿದವರು ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿ. ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಕಾಲಿಡುತ್ತಿದ್ದ ವರ್ಷಗಳಲ್ಲಿ ಅವರು ಅಟ್ಟಣಿಗೆಯ ಮೇಲೆ ನಿಂತು ಈ ಕೆಲಸ ಮಾಡಿದರು. ಹೊರಗಿನ ಮಳೆಗಾಲದ ಮಬ್ಬಿನಿಂದ ಒಳಗೆ ಕಾಲಿಟ್ಟವನಿಗೆ ಬಣ್ಣಗಳೇ ಬೆಳಕಾಗಿ ಕಾಣುತ್ತವೆ.

ಆ ಚಿತ್ರಗಳ ನಾಯಕನಾದ ಅಲೋಶಿಯಸ್ ಗೊನ್ಜಾಗ ಇಟಲಿಯ ಒಂದು ಪಾಳೆಯಪಟ್ಟಿನ ಹಿರಿಯ ಕುಮಾರ. 1580ರಲ್ಲಿ, ಬಾಲಕನಾಗಿದ್ದಾಗಲೇ, ಕಾರ್ಡಿನಲ್ ಚಾರ್ಲ್ಸ್ ಬೊರೋಮಿಯೊ ಅವರ ಕೈಯಿಂದ ಮೊದಲ ಪರಮಪ್ರಸಾದವನ್ನು ಸ್ವೀಕರಿಸಿದ. ಮುಂದೆ ಪಟ್ಟದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದ. ರೋಮಿನಲ್ಲಿ ಪಿಡುಗು ಹಬ್ಬಿದಾಗ ರೋಗಿಗಳನ್ನು ಹೊತ್ತು ತಂದು ಶುಶ್ರೂಷೆ ಮಾಡುತ್ತ, ಅದೇ ರೋಗ ತಗುಲಿ 1591ರಲ್ಲಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತಮೂರು ವರ್ಷ.

"ತಮ್ಮನಿಗೆ ಬಿಟ್ಟುಕೊಟ್ಟ" ಎಂಬ ಮಾತನ್ನು ಹೇಳುವಾಗ ಮಿತ್ರರ ದನಿ ತಗ್ಗಿತು. ಆಗ ನಾನು ಅದಕ್ಕೆ ಅರ್ಥ ಹುಡುಕಲಿಲ್ಲ.

"ಈ ಪರಮಪ್ರಸಾದವೆಂದರೆ ನಿಮಗೆ ಏನು? ನಮ್ಮ ದೇವಸ್ಥಾನದ ಪ್ರಸಾದದಂತೆಯೇ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಮಂದಿರದ ಹೊರಗಿನ ಕಟ್ಟೆಯ ಮೇಲೆ ಕುಳಿತು ವಿವರಿಸಿದರು.

ಕನ್ನಡ ಕ್ಯಾಥೊಲಿಕರು ಪರಮಪ್ರಸಾದ ಎನ್ನುವುದನ್ನು ಪ್ರೊಟೆಸ್ಟಂಟರು ಕರ್ತನ ಭೋಜನ ಎನ್ನುತ್ತಾರೆ. ಮಂಗಳೂರಿನ ಕೊಂಕಣಿಯಲ್ಲಿ ಅದು ಕುಮ್ಗಾರ್. ಅದನ್ನು ಒಳಗೊಂಡ ಪೂಜೆ ಮೀಸ್. ಇವೆರಡೂ ಪೋರ್ಚುಗೀಸರ ಮೂಲಕ ಬಂದ ಮಾತುಗಳು. ಯೂಕರಿಸ್ತ್ ಎಂಬ ಮೂಲ ಗ್ರೀಕ್ ಶಬ್ದಕ್ಕೆ ಕೃತಜ್ಞತೆಯ ಅರ್ಪಣೆ ಎಂದರ್ಥ. ಯೇಸು ತಾನು ಸೆರೆಯಾಗುವ ಹಿಂದಿನ ಹೊತ್ತಿನಲ್ಲಿ ಹನ್ನೆರಡು ಮಂದಿ ಶಿಷ್ಯರೊಡನೆ ಊಟಕ್ಕೆ ಕುಳಿತ. ರೊಟ್ಟಿಯನ್ನೆತ್ತಿಕೊಂಡು ದೇವರಿಗೆ ವಂದನೆ ಸಲ್ಲಿಸಿ, ಮುರಿದು, ಇದು ನನ್ನ ಶರೀರವೆಂದು ಹೇಳಿ ಹಂಚಿದ. ದ್ರಾಕ್ಷಾರಸದ ಪಾತ್ರೆಯನ್ನು ತನ್ನ ರಕ್ತವೆಂದು ಕೊಟ್ಟ. ತನ್ನ ನೆನಪಿಗಾಗಿ ಇದನ್ನು ಮಾಡುತ್ತಿರಿ ಎಂದ. ಎರಡು ಸಾವಿರ ವರ್ಷಗಳಿಂದ ಕ್ರೈಸ್ತರು ಅದನ್ನು ಮಾಡುತ್ತ ಬಂದಿದ್ದಾರೆ. ಪೂಜೆಯಲ್ಲಿ ರೊಟ್ಟಿ ರೊಟ್ಟಿಯಾಗಿ ಕಂಡರೂ ಅದು ಕ್ರಿಸ್ತನೇ ಆಗುತ್ತದೆಂಬುದು ಕ್ಯಾಥೊಲಿಕರ ನಂಬಿಕೆ.

"ಆದ್ದರಿಂದ ನಿಮ್ಮ ಪ್ರಸಾದಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ ನೋಡಿ" ಎಂದರು ಮಿತ್ರರು. "ದೇವರಿಗೆ ನೈವೇದ್ಯ ಮಾಡಿದ್ದನ್ನು ನೀವು ಪಡೆಯುತ್ತೀರಿ. ನಮ್ಮಲ್ಲಿ ದೇವರೇ ನೈವೇದ್ಯವಾಗುತ್ತಾನೆ."

ಹಿಂದಿರುಗುವಾಗ ಬಲ್ಮಠದ ಗುಡ್ಡದ ಮೇಲೆ ಶಾಂತಿ ಕೆಥೆಡ್ರಲನ್ನೂ ಕಂಡೆವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರನ್ನು ಕನ್ನಡಿಗರು ಮರೆಯುವಂತಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಪ್ರಕಟವಾದ ಮಹಾ ನಿಘಂಟಿನ ಕಿಟೆಲ್, ಇಬ್ಬರೂ ಆ ಸಂಸ್ಥೆಯವರು. ಅವರದು ಪ್ರೊಟೆಸ್ಟಂಟ್ ಸಂಪ್ರದಾಯ. ಅವರ ಭೋಜನದ ಮೇಜು ಬೇರೆ, ಕ್ಯಾಥೊಲಿಕರ ಪೀಠ ಬೇರೆ. ಉತ್ತರಕ್ಕೆ ಬ್ರಹ್ಮಾವರದಲ್ಲಿರುವ ಸಿರಿಯನ್ ಆರ್ಥೊಡಾಕ್ಸರದು ಮತ್ತೂ ಬೇರೆ. ಅವರು ಹುದುಗು ಬಂದ ರೊಟ್ಟಿಯನ್ನು ಬಳಸಿದರೆ ರೋಮಿನವರು ಹುದುಗಿಲ್ಲದ ರೊಟ್ಟಿಯನ್ನು ಬಳಸುತ್ತಾರೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ನಗರದಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ಎಂಬ ಇಬ್ಬರು ಸುಧಾರಕರು ಕೂಡಿ ಕುಳಿತು ಹದಿನೈದು ವಿಷಯಗಳನ್ನು ಚರ್ಚಿಸಿದರಂತೆ. ಹದಿನಾಲ್ಕರಲ್ಲಿ ಒಪ್ಪಿಗೆಯಾಯಿತು. ಹದಿನೈದನೆಯದಾದ ಈ ಭೋಜನದ ಅರ್ಥದಲ್ಲಿ ಮಾತ್ರ ಅವರು ಪೂರ್ತಿ ಒಪ್ಪಲಾರದೆ ಬೇರೆಯಾದರು.

"ಒಟ್ಟಿಗೆ ಉಣ್ಣಿರಿ ಎಂದು ಅವನು ಹೇಳಿಹೋದ. ಉಣ್ಣುವುದು ಹೇಗೆಂಬ ಜಗಳದಲ್ಲೇ ನಾವು ಬೇರೆಬೇರೆ ಎಲೆ ಹಾಕಿಕೊಂಡೆವು" ಎಂದು ಮಿತ್ರರು ನಕ್ಕರು. ಆ ನಗೆಯಲ್ಲಿ ಸಂತೋಷವಿರಲಿಲ್ಲ.

ಹಸಿವಿನ ಕಥೆ

ಸಂಜೆ ತಾಯಿಯವರ ಬಳಿ ಕುಳಿತೆ. ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರು ಮಂಚ ಬಿಟ್ಟು ಎದ್ದವರಲ್ಲ. ಮಂಚವನ್ನು ಕಿಟಕಿಯ ಬದಿಗೆ ಹಾಕಿದ್ದರು. ಆ ಕಿಟಕಿಯಿಂದ ಗದ್ದೆಯೂ ಅದರಾಚೆಯ ಮನೆಯೂ ಕಾಣುತ್ತವೆ.

"ಕುಳಿತುಕೊಳ್ಳಿ ಮಗಾ. ಪೊಟ್ಟಣದವರು ನೀವೇ ಅಲ್ಲವೇ?" ಎಂದರು. ಆ ಕಡೆಯ ಹಿರಿಯರಾಡುವ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ನಾನು ಅವರ ಬಾಲ್ಯದ ಸಂಗತಿಗಳನ್ನು ಕೇಳಿದೆ.

ಅವರ ಮೊದಲ ಕುಮ್ಗಾರ್ ಆದದ್ದು ಏಳೆಂಟು ವರ್ಷದವರಿದ್ದಾಗ. ಆ ಕಾಲದ ನಿಯಮ ಕಠಿಣವಾಗಿತ್ತು. ನಡುರಾತ್ರಿ ಕಳೆದ ಮೇಲೆ ಒಂದು ಹನಿ ನೀರನ್ನೂ ಕುಡಿಯುವಂತಿರಲಿಲ್ಲ. (1953ರಲ್ಲಿ ನೀರಿಗೆ ಅನುಮತಿ ಸಿಕ್ಕಿತು, 1964ರ ಹೊತ್ತಿಗೆ ಉಪವಾಸ ಒಂದು ಗಂಟೆಗಿಳಿಯಿತು.) ಬಿಳಿಯ ಉಡುಪು ತೊಟ್ಟು, ಬರಿಹೊಟ್ಟೆಯಲ್ಲಿ ಎರಡು ಮೈಲಿ ನಡೆದು ಚರ್ಚಿಗೆ ಹೋದರಂತೆ. "ಪೂಜೆಯೆಲ್ಲ ಲ್ಯಾಟಿನ್ ಭಾಷೆಯಲ್ಲಿ. ನಮಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಗಂಟೆ ಬಾರಿಸಿದಾಗ ತಲೆ ಬಾಗಿಸುತ್ತಿದ್ದೆವು. ಆದರೆ ಹಸಿವು ತಿಳಿಯುತ್ತಿತ್ತು ಮಗಾ! ಹಸಿದ ಬಾಯಿಗೆ ಮೊದಲು ಬಿದ್ದದ್ದು ಅದೇ. ಅದಕ್ಕೇ ಇಂದಿಗೂ ನೆನಪಿದೆ."

1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಜನರ ಭಾಷೆಗೆ ಬಂದಿತು. ಪಾದ್ರಿಗಳು ಜನರಿಗೆ ಅಭಿಮುಖವಾಗಿ ನಿಂತು ಕೊಂಕಣಿಯಲ್ಲಿ, ಕನ್ನಡದಲ್ಲಿ ಪೂಜೆ ನಡೆಸತೊಡಗಿದರು. 1969ರಲ್ಲಿ ಭಾರತದ ಪೂಜಾವಿಧಿಗೆ ಈ ನೆಲದ ಕೆಲವು ಆಚಾರಗಳನ್ನು ಸೇರಿಸಿಕೊಳ್ಳಲು ಅನುಮತಿಯೂ ದೊರೆಯಿತು. ಒಬ್ಬರಿಗೊಬ್ಬರು ಕೈಮುಗಿದು ಶಾಂತಿಯನ್ನು ಕೋರುವುದು ಅವುಗಳಲ್ಲೊಂದು.

ಬಳಿಕ ತಾಯಿ ತಮ್ಮ ಅಜ್ಜಿಯಿಂದ ಕೇಳಿದ ಕಥೆಗೆ ಬಂದರು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಈ ಕಥೆಯನ್ನು ಹೇಳದ ಅಜ್ಜಿಯರಿಲ್ಲ. ಆಂಗ್ಲರೊಡನೆ ಯುದ್ಧ ನಡೆದಾಗ ಅವರಿಗೆ ನೆರವಾದರೆಂಬ ಆಪಾದನೆಯ ಮೇಲೆ, 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಪಾದ್ರಿಗಳು ಗಡೀಪಾರಾದರು. ಕರಾವಳಿಯ ಬಹುತೇಕ ಚರ್ಚುಗಳು ನೆಲಸಮವಾದವು. ದಾರಿಯಲ್ಲೂ ಸೆರೆಯಲ್ಲೂ ಅನೇಕರು ಸತ್ತರು. ಉಳಿದವರಿಗೆ ಬಿಡುಗಡೆಯಾದದ್ದು 1799ರಲ್ಲಿ, ಶ್ರೀರಂಗಪಟ್ಟಣದ ಪತನದ ಮೇಲೆ. ಹದಿನೈದು ವರ್ಷಗಳು! ಪಾದ್ರಿಯಿಲ್ಲದೆ ಮೀಸ್ ಇಲ್ಲ. ಮೀಸ್ ಇಲ್ಲದೆ ಕುಮ್ಗಾರ್ ಇಲ್ಲ. ಜಪವನ್ನು ಬಾಯಲ್ಲಿ ಹೇಳಬಹುದು, ಶಿಲುಬೆಯ ಗುರುತನ್ನು ಕತ್ತಲೆಯಲ್ಲಿ ಹಾಕಿಕೊಳ್ಳಬಹುದು. ಈ ರೊಟ್ಟಿಯನ್ನು ಮಾತ್ರ ಒಬ್ಬನೇ ಮಾಡಿಕೊಂಡು ತಿನ್ನಲಾಗದು.

"ಮರಳಿ ಬಂದವರು ತಮ್ಮ ಮನೆಗಿಂತ ಮೊದಲು ಚರ್ಚಿನ ಗೋಡೆಯನ್ನು ಎಬ್ಬಿಸಿದರಂತೆ" ಎಂದರು ತಾಯಿ. "ಅಜ್ಜಿ ಹೇಳುತ್ತಿದ್ದರು: ಹದಿನೈದು ವರ್ಷ ಹಸಿದವರಿಗೆ ಮನೆ ಯಾಕೆ ಬೇಕು, ಮೊದಲು ಊಟ ಬೇಕು."

ಹಾಗೆಂದು ಅವರು ಕಿಟಕಿಯ ಕಡೆ ತಿರುಗಿದರು. ಗದ್ದೆಯಾಚೆಯ ಮನೆಯಲ್ಲಿ ದೀಪ ಹಚ್ಚಿದ್ದರು. "ನಾಳೆಗೆ ಮೂರು ವರ್ಷವಾಯಿತು, ಚಿಕ್ಕವನು ಹೊಸ ಅಕ್ಕಿಯ ಊಟಕ್ಕೆ ಬರದೆ" ಎಂದು ತಮಗೆ ತಾವೇ ಹೇಳಿಕೊಂಡರು.

ರಾತ್ರಿ ಜಗಲಿಯಲ್ಲಿ ಮಿತ್ರರು ತಾವಾಗಿಯೇ ವಿಷಯವನ್ನೆತ್ತಿದರು. ತಂದೆ ತೀರಿಕೊಂಡ ಮೇಲೆ ಪಾಲಾಯಿತು. ಗದ್ದೆಯ ಬದು, ಹನ್ನೊಂದು ತೆಂಗಿನ ಮರಗಳು ಯಾರ ಪಾಲಿಗೆಂಬುದರಲ್ಲಿ ಮಾತು ಬೆಳೆಯಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

ಚರ್ಚಿನ ಅಂಗಳದಲ್ಲಿ

ಭಾನುವಾರ ಮುಂಜಾನೆ ಮಳೆ ಹೊಳವಾಗಿತ್ತು. ಮಕ್ಕಳು ಬುಟ್ಟಿಗಳಲ್ಲಿ, ತಟ್ಟೆಗಳಲ್ಲಿ ಹೂವು ಹಿಡಿದು ಚರ್ಚಿನ ಅಂಗಳದಲ್ಲಿ ಸೇರಿದ್ದರು. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಳ ಹುಟ್ಟುಹಬ್ಬ. ಅದಕ್ಕೆ ಹಿಂದಿನ ಒಂಬತ್ತು ದಿನಗಳೂ ಮಕ್ಕಳು ಬಾಲ ಮರಿಯಳ ಪ್ರತಿಮೆಗೆ ಹೂವು ಎರಚುತ್ತಾರೆ. ಕರಾವಳಿಯಲ್ಲಿ ಈ ದಿನ ಹೊಸ ತೆನೆಯ ಹಬ್ಬವೂ ಆಗಿದೆ. ನೇತ್ರಾವತಿಯ ದಂಡೆಯ ಫರಂಗಿಪೇಟೆಯಲ್ಲಿ, ಗುಡ್ಡದ ಮೇಲಿನ ಮಠದಲ್ಲಿ, ಹದಿನೆಂಟನೆಯ ಶತಮಾನದಲ್ಲಿ ಗೋವೆಯ ಪಾದ್ರಿ ಮಿರಾಂದರಿಂದ ಇದು ಆರಂಭವಾಯಿತೆಂಬುದು ಪ್ರತೀತಿ. ಮೊಂತಿ ಎಂಬ ಹೆಸರೂ ಗುಡ್ಡವೆಂಬ ಅರ್ಥದ ಮಾತಿನಿಂದ ಬಂದದ್ದು. ತುಳುವರು ತೆನೆಯನ್ನು ಮನೆ ತುಂಬಿಸಿಕೊಂಡು ಹೊಸ ಅಕ್ಕಿಯ ಊಟ ಮಾಡುವುದೂ ಇದೇ ಕಾಲದ ಆಸುಪಾಸಿನಲ್ಲಿ. ಮಣ್ಣು ಒಂದೇ, ಮಳೆ ಒಂದೇ ಆದಮೇಲೆ ಹಬ್ಬಗಳು ನೆಂಟರಾಗದೆ ಇರುತ್ತವೆಯೇ?

ಪಾದ್ರಿಗಳು ಕಟ್ಟುಕಟ್ಟಾಗಿ ಇಟ್ಟಿದ್ದ ತೆನೆಗಳನ್ನು ಆಶೀರ್ವದಿಸಿದರು. ಹೂಗಳ ಮಳೆಯಾಯಿತು. ಮೆರವಣಿಗೆ ಹಾಡುತ್ತ ಒಳಗೆ ನಡೆಯಿತು. ಪೂಜೆ ಆರಂಭವಾಯಿತು.

ನಾನು ಹಿಂದಿನ ಸಾಲಿನ ಬೆಂಚಿನಲ್ಲಿ ಮಿತ್ರರ ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಮೊದಲು ಶಾಸ್ತ್ರವಾಚನ, ಉಪದೇಶ. ಅನಂತರ ಜನರ ಕಡೆಯಿಂದ ಕಾಣಿಕೆಗಳನ್ನು ಪೀಠಕ್ಕೆ ಒಯ್ದರು: ತೆನೆ, ತೆಂಗು, ತರಕಾರಿ, ಮತ್ತು ಎರಡು ಪುಟ್ಟ ಪಾತ್ರೆಗಳು. ಒಂದರಲ್ಲಿ ದ್ರಾಕ್ಷಾರಸ, ಇನ್ನೊಂದರಲ್ಲಿ ಗೋಧಿಹಿಟ್ಟು ಮತ್ತು ನೀರು ಮಾತ್ರ ಸೇರಿಸಿ ಮಾಡಿದ, ಕಾಗದದಷ್ಟು ತೆಳುವಾದ ಬಿಲ್ಲೆಗಳು. ಗೋಧಿ ತುಳುನಾಡಿನ ಗದ್ದೆಯ ಬೆಳೆಯಲ್ಲ, ದ್ರಾಕ್ಷಿಯೂ ಅಲ್ಲಿನದಲ್ಲ. ಆದರೂ ಪೂಜೆಗೆ ಗೋಧಿಯೇ ಆಗಬೇಕೆಂದು ಸಭೆಯ ಕಟ್ಟಳೆ; ಅಕ್ಕಿಯ ರೊಟ್ಟಿ ಸಲ್ಲದು. ಕ್ರಿಸ್ತನು ಕೈಗೆತ್ತಿಕೊಂಡದ್ದು ತನ್ನ ನಾಡಿನ ರೊಟ್ಟಿ, ಅದನ್ನೇ ಉಳಿಸಿಕೊಂಡಿದ್ದಾರೆ. ಹೀಗಾಗಿ ಪೀಠದ ಮೇಲೆ ಗೋಧಿ, ಪೀಠದ ಕೆಳಗೆ ಭತ್ತ. ಒಂದು ಕ್ರಿಸ್ತನ ನಾಡಿನ ಅನ್ನ, ಇನ್ನೊಂದು ಈ ಜನರ ಮನೆಯ ಅನ್ನ. ಇವೆರಡಕ್ಕೂ ನಡುವೆ ಏನು ಸಂಬಂಧವೆಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿ ಎದ್ದಿತು.

ಪಾದ್ರಿಗಳು ರೊಟ್ಟಿಯನ್ನೆತ್ತಿ ಕಡೆಯ ಊಟದ ಮಾತುಗಳನ್ನು ಹೇಳಿದರು. ಗಂಟೆ ಮೊಳಗಿತು. ನೂರಾರು ತಲೆಗಳು ಬಾಗಿದವು. ಪರಲೋಕದ ತಂದೆಗೆ ಮಾಡುವ ಪ್ರಾರ್ಥನೆಯನ್ನು ಎಲ್ಲರೂ ಒಟ್ಟಿಗೆ ಹೇಳಿದರು. ಬಳಿಕ ಒಬ್ಬರಿಗೊಬ್ಬರು ತಿರುಗಿ ಕೈಮುಗಿದು ಶಾಂತಿಯನ್ನು ಹಾರೈಸಿದರು. ಮಿತ್ರರು ನನಗೆ ಕೈಮುಗಿದರು, ಹಿಂದಿನವರಿಗೆ ಮುಗಿದರು. ಎಡಗಡೆಯ ಸಾಲುಗಳ ನಡುವೆ ಅವರಂತೆಯೇ ಅಗಲವಾದ ಹಣೆಯುಳ್ಳ ಒಬ್ಬಾತ ಹೆಂಡತಿ ಮಕ್ಕಳೊಡನೆ ನಿಂತಿದ್ದರು. ಆ ಕಡೆಗೆ ಮಿತ್ರರ ಕೈ ತಿರುಗಲಿಲ್ಲ. ಆ ಕಡೆಯಿಂದಲೂ ಇತ್ತ ತಿರುಗಲಿಲ್ಲ.

ಪೀಠದಲ್ಲಿ ಪಾದ್ರಿಗಳು ದೊಡ್ಡ ಬಿಲ್ಲೆಯನ್ನು ಮುರಿದರು. ನಿಶ್ಶಬ್ದದಲ್ಲಿ ಆ ಸಣ್ಣ ಸದ್ದು ಧ್ವನಿವರ್ಧಕದ ಮೂಲಕ ಹಿಂದಿನ ಸಾಲಿನವರೆಗೂ ಕೇಳಿಸಿತು. ಜನರು ಸಾಲುಗಟ್ಟಿ ಮುಂದೆ ನಡೆದರು. ಕೆಲವರು ಅಂಗೈ ಚಾಚಿ, ಕೆಲವರು ಬಾಯಿ ತೆರೆದು ಸ್ವೀಕರಿಸಿ, ತಲೆ ಬಾಗಿಸಿ ಹಿಂದಿರುಗಿದರು. ಬೆಂಚುಗಳು ಬರಿದಾದವು. ನಾನು ಕುಳಿತೇ ಇದ್ದೆ. ಆ ಸಭೆಗೆ ಸೇರದವರು ಅದನ್ನು ತೆಗೆದುಕೊಳ್ಳುವುದಿಲ್ಲವೆಂದು ನನಗೆ ತಿಳಿದಿತ್ತು. ಪಕ್ಕಕ್ಕೆ ನೋಡಿದರೆ ಮಿತ್ರರೂ ಕುಳಿತಿದ್ದರು. ಎಡಗಡೆಯಲ್ಲಿ, ಹೆಂಡತಿ ಮಕ್ಕಳು ಎದ್ದುಹೋದ ಬೆಂಚಿನ ಮೇಲೆ, ಆ ಅಗಲವಾದ ಹಣೆಯವರೂ ಒಬ್ಬರೇ ಕುಳಿತಿದ್ದರು.

ಪಂಕ್ತಿಭೇದ

ತೆನೆಯನ್ನು ಕೈಯಲ್ಲಿ ಹಿಡಿದು ಗದ್ದೆಯ ಬದುವಿನ ಮೇಲೆ ಮನೆಗೆ ನಡೆಯುತ್ತಿದ್ದೆವು. "ನೀವು ಹೊರಗಿನವರೆಂದು ಕುಳಿತಿರಿ. ನಾನು ಒಳಗಿನವನಾಗಿಯೂ ಕುಳಿತೆ" ಎಂದರು ಮಿತ್ರರು. "ಕಾಣಿಕೆಯನ್ನು ಪೀಠದ ಬಳಿ ತಂದಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನವಾಗು ಎಂದು ಯೇಸು ಹೇಳಿದ್ದಾನೆ. ಉಳಿದ ಪಾಪಗಳನ್ನು ಪಾದ್ರಿಯ ಕಿವಿಯಲ್ಲಿ ಹೇಳಿ ತೀರಿಸಬಹುದು. ಇದಕ್ಕೆ ಮಾತ್ರ ಆ ಮನೆಯ ಬಾಗಿಲಿಗೇ ಹೋಗಬೇಕು. ಮೂರು ವರ್ಷದಿಂದ ಹಸಿದಿದ್ದೇನೆ."

ನನ್ನ ನೆನಪಿಗೆ ಬಂದದ್ದು ಹಿಂದೊಮ್ಮೆ ಓದಿದ್ದ ಸಂತ ಪೌಲನ ಪತ್ರ. ಗ್ರೀಸಿನ ಕೊರಿಂಥ ನಗರದ ಕ್ರೈಸ್ತರಿಗೆ ಆತ ಕ್ರಿಸ್ತಶಕ ಸುಮಾರು 54ರಲ್ಲಿ ಬರೆದದ್ದು. ಈ ಭೋಜನದ ಕುರಿತು ನಮಗೆ ದೊರೆತಿರುವ ಅತ್ಯಂತ ಹಳೆಯ ಬರಹವೇ ಅದು. ಅದನ್ನು ಬರೆಯಲು ಕಾರಣವಾದದ್ದು ಒಂದು ಊಟದ ಮನೆಯ ಜಗಳ. ಆ ಊರಿನಲ್ಲಿ ಉಳ್ಳವರು ಮೊದಲೇ ಬಂದು ಹೊಟ್ಟೆತುಂಬ ಉಂಡು ಕುಡಿದು ಮುಗಿಸುತ್ತಿದ್ದರು. ಬಡವರು ಹಸಿದೇ ಉಳಿಯುತ್ತಿದ್ದರು. ನೀವು ಉಣ್ಣುತ್ತಿರುವುದು ಕರ್ತನ ಭೋಜನವೇ ಅಲ್ಲ ಎಂದು ಪೌಲ ಗದರಿಸಿದ. ಇದಕ್ಕೆ ಕನ್ನಡದಲ್ಲಿ ಒಂದೇ ಮಾತಿನ ಹೆಸರಿದೆ: ಪಂಕ್ತಿಭೇದ.

ಪಂಕ್ತಿಭೇದದ ನೋವು ಭಾರತದ ಚರ್ಚುಗಳಿಗೂ ತಿಳಿಯದ್ದಲ್ಲ. ತಮಿಳುನಾಡಿನ ವಡಕ್ಕನ್‌ಕುಳಂ ಎಂಬಲ್ಲಿ ಮೇಲುಜಾತಿಯವರಿಗೂ ಕೆಳಜಾತಿಯವರಿಗೂ ಬೇರೆಬೇರೆ ಭಾಗಗಳಿರುವಂತೆ, ನಡುವೆ ಗೋಡೆ ಬರುವಂತೆ ಚರ್ಚನ್ನೇ ಕಟ್ಟಿದ್ದರು. ಗೋಡೆಯ ಎರಡೂ ಕಡೆಗೆ ಹಂಚುತ್ತಿದ್ದುದು ಒಂದೇ ರೊಟ್ಟಿ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆ ಗೋಡೆಯನ್ನು ಕೆಡವಿದರು. ಕಲ್ಲಿನ ಗೋಡೆಯನ್ನು ಕೆಡವಿದಷ್ಟು ಸುಲಭವಾಗಿ ಮನಸ್ಸಿನ ಗೋಡೆಯನ್ನು ಕೆಡವಲಾಗದೆಂಬುದಕ್ಕೆ ಕ್ರೈಸ್ತರೂ ಹೊರತಲ್ಲ, ನಾವೂ ಹೊರತಲ್ಲ.

ಹನ್ನೊಂದು ತೆಂಗಿನ ಮರಗಳು ಬದುವಿನ ಬಲಕ್ಕೆ ಸಾಲಾಗಿ ನಿಂತಿದ್ದವು. ಮಿತ್ರರು ಅವುಗಳತ್ತ ನೋಡದೆ ನಡೆದರು.

ಮನೆಯ ಊಟ

ಅಡುಗೆಮನೆಯಲ್ಲಿ ಸಿದ್ಧತೆ ಮುಗಿಯುತ್ತ ಬಂದಿತ್ತು. ಮೀನು ಮಾಂಸಗಳಿಗೆ ಹೆಸರಾದ ಆ ಮನೆಗಳಲ್ಲಿ ಅಂದು ಶುದ್ಧ ಸಸ್ಯಾಹಾರ. ಅಲಸಂಡೆ, ಬೆಂಡೆ, ಹರಿವೆ, ಕೆಸುವಿನ ದಂಟು, ಸೌತೆ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕೆಂದು ಕ್ರಮ. ಕಡೆಗೆ ತೆಂಗಿನ ಹಾಲಿನ ಪಾಯಸ. ಮಿತ್ರರ ಮಡದಿ ತೆನೆಯಿಂದ ಕೆಲವು ಕಾಳುಗಳನ್ನು ಬಿಡಿಸಿ, ಉಗುರಿನಿಂದ ಸುಲಿದು, ಅರೆದು ಹಾಲಿಗೆ ಬೆರೆಸಿದರು. ಬಾಳೆಯೆಲೆಗಳನ್ನು ಹಾಸಿದಾಗ ಒಂದು ಎಲೆ ಹೆಚ್ಚಾಗಿತ್ತು. ತಪ್ಪಿ ಹಾಸಿದರೇನೋ ಎಂದುಕೊಂಡೆ. ಯಾರೂ ಅದನ್ನು ತೆಗೆಯಲಿಲ್ಲ.

ಊಟಕ್ಕೆ ಮೊದಲು ಪಾದ್ರಿಗಳು ಬಂದರು. ಚರ್ಚಿಗೆ ಬರಲಾರದ ರೋಗಿಗಳಿಗೆ ಪರಮಪ್ರಸಾದವನ್ನು ಮನೆಗೇ ತಂದುಕೊಡುವುದು ಬಹು ಹಳೆಯ ಪದ್ಧತಿ. ತಾಯಿಯವರ ಮಂಚದ ಬಳಿ ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಶಿಲುಬೆಯಿಟ್ಟು, ಮೇಣದಬತ್ತಿ ಹಚ್ಚಿದ್ದರು. ಪಾದ್ರಿಗಳು ಎದೆಯ ಬಳಿ ಹಿಡಿದು ತಂದಿದ್ದ ಪುಟ್ಟ ಕರಂಡಕವನ್ನು ಅದರ ಮೇಲಿಟ್ಟರು. ಮನೆಮಂದಿಯೆಲ್ಲ ಮೊಣಕಾಲೂರಿದರು.

ಆಗ ತಾಯಿ ಕಣ್ಣು ತೆರೆದು, "ಫಾದರ್, ಸ್ವಲ್ಪ ಹೊತ್ತು ಕಾಯುತ್ತೀರಾ?" ಎಂದರು.

"ಯಾಕೆ ಬಾಯಿ, ಏನಾಯಿತು?"

"ಏನೂ ಆಗಲಿಲ್ಲ. ಇಬ್ಬರು ಮಕ್ಕಳನ್ನು ಹೆತ್ತವಳು ನಾನು. ಒಬ್ಬನ ಎದುರಿನಲ್ಲಿ ಮಾತ್ರ ಉಣ್ಣುವುದಕ್ಕೆ ಇವತ್ತು ನನಗೆ ಮನಸ್ಸಿಲ್ಲ."

ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ತರುಣ ಪಾದ್ರಿಗಳು ಉಪದೇಶದ ಒಂದು ಮಾತನ್ನೂ ಆಡಲಿಲ್ಲ. ಮಂಚದ ಬಳಿಯ ಕುರ್ಚಿಯಲ್ಲಿ ಕುಳಿತು ಜಪಸರವನ್ನು ಕೈಗೆತ್ತಿಕೊಂಡರು. ಮಿತ್ರರು ಸ್ವಲ್ಪ ಹೊತ್ತು ತಲೆ ತಗ್ಗಿಸಿಕೊಂಡಿದ್ದರು. ಬಳಿಕ ಎದ್ದರು. ದೇವರ ಪೀಠದ ಬಳಿಯಿದ್ದ ತೆನೆಯಲ್ಲಿ ಅರ್ಧವನ್ನು ತೆಗೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಅಂಗಳಕ್ಕಿಳಿದರು. ಹೊರಗೆ ಮತ್ತೆ ಮಳೆ ಹನಿಯುತ್ತಿತ್ತು. ಕಿಟಕಿಯಿಂದ ತಾಯಿ ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಬದುವಿನ ಮೇಲೆ ಬಿಳಿಯ ಅಂಗಿ ಸಣ್ಣದಾಗುತ್ತ ಹೋಗಿ ಆಚೆಯ ಮನೆಯ ಜಗಲಿಯಲ್ಲಿ ಮರೆಯಾಯಿತು.

ಕಾಲು ಗಂಟೆ ಕಳೆಯಿತು. ಮಿತ್ರರು ಒಬ್ಬರೇ ಮರಳಿ ಬಂದರು. ಕೈಯಲ್ಲಿ ತೆನೆಯಿರಲಿಲ್ಲ. "ತೆಗೆದುಕೊಂಡ. ಏನೂ ಹೇಳಲಿಲ್ಲ" ಎಂದರು. ಅಳಿಸಿಹೋದ ಮುಖದಿಂದ ಗೋಡೆಗೊರಗಿ ನಿಂತರು. ಪಾದ್ರಿಗಳು ಗಡಿಯಾರವನ್ನು ನೋಡಲಿಲ್ಲ. ಇನ್ನೂ ಹತ್ತು ನಿಮಿಷವಾಗಿರಬೇಕು. ಅಂಗಳದಲ್ಲಿ ಒಂದು ಪುಟ್ಟ ಹುಡುಗಿಯ ದನಿ ಕೇಳಿಸಿತು. ಅವಳ ಹಿಂದೆ, ಒದ್ದೆಯಾದ ಕೊಡೆಯನ್ನು ಮಡಚುತ್ತ, ಆ ಅಗಲವಾದ ಹಣೆಯವರು ನಿಂತಿದ್ದರು. ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲನ್ನೇ ನೋಡುತ್ತಿದ್ದರು.

"ಬಾ" ಎಂದರು ಮಿತ್ರರು. ಮೂರು ವರ್ಷಗಳ ಮೇಲೆ ಅಣ್ಣ ಈ ಮನೆಯಲ್ಲಿ ತಮ್ಮನಿಗೆ ಹೇಳಿದ ಮೊದಲ ಮಾತು ಅದು. ಅಂದು ಅದಕ್ಕಿಂತ ಹೆಚ್ಚಿನ ಮಾತನ್ನು ನಾನು ಕೇಳಲಿಲ್ಲ.

ಎಲ್ಲರೂ ಮತ್ತೆ ಮೊಣಕಾಲೂರಿದರು. ಪ್ರಾರ್ಥನೆಯಾಯಿತು. ಪಾದ್ರಿಗಳು ಬಿಲ್ಲೆಯ ಒಂದು ಚಿಕ್ಕ ಚೂರನ್ನು ತಾಯಿಯ ನಾಲಿಗೆಯ ಮೇಲಿಟ್ಟರು. ಸೊಸೆ ಒಂದು ಚಮಚ ನೀರು ಹಾಕಿದರು. ಎಂಬತ್ತು ವರ್ಷಗಳ ಹಿಂದೆ ಹಸಿದ ಬಾಯಲ್ಲಿ ಅದನ್ನು ಸ್ವೀಕರಿಸಿದ ಆ ಮುಖ ಹೇಗಿದ್ದಿತೆಂದು ನಾನು ಕಂಡವನಲ್ಲ; ಅಂದು ಕಂಡ ಮುಖವನ್ನು ಮರೆಯಲಾರೆ.

ಊಟಕ್ಕೆ ಕುಳಿತಾಗ ಹೆಚ್ಚಾಗಿದ್ದ ಎಲೆ ಹೆಚ್ಚಾಗಿ ಉಳಿಯಲಿಲ್ಲ. ಪುಟ್ಟ ಹುಡುಗಿಗೆ ಇನ್ನೊಂದನ್ನು 'ಹಾಕಿ' ಎಂದು ಒಳಗಿನಿಂದ ಕೂಗು ಕೇಳಿಸಿತು. ಹಿರಿಯರಾದ ಮಿತ್ರರು ಹೊಸ ಅಕ್ಕಿಯ ಹಾಲಿನ ಬಟ್ಟಲನ್ನು ಹಿಡಿದು ಒಬ್ಬೊಬ್ಬರಿಗೂ ಒಂದೊಂದು ಚಮಚ ಹಾಕುತ್ತ ಬಂದರು. ತಮ್ಮನ ಬಳಿ ಬಂದಾಗ ಅವರ ಕೈ ಸ್ವಲ್ಪ ನಡುಗಿತು; ಒಂದೆರಡು ಹನಿ ಎಲೆಯ ಮೇಲೆ ಬಿದ್ದವು. ನನ್ನ ಸರದಿ ಬಂದಿತು. ಬೆಳಿಗ್ಗೆ ಚರ್ಚಿನಲ್ಲಿ ನನಗೆ ದೊರೆಯದಿದ್ದದ್ದು ಗೋಧಿಯ ರೊಟ್ಟಿ. ಈ ಅಕ್ಕಿಯ ಹಾಲು ನನಗೂ ದೊರೆಯಿತು. ಎರಡಕ್ಕೂ ನಡುವೆ ಏನು ಸಂಬಂಧವೆಂದು ಬೆಳಿಗ್ಗೆ ಕೇಳಿಕೊಂಡಿದ್ದೆನಲ್ಲ, ಅದಕ್ಕೆ ಉತ್ತರ ಗದ್ದೆಯ ಬದುವಿನ ಮೇಲೆ ನಡೆದುಹೋಗಿ ನಡೆದು ಬಂದಿತ್ತು. ಪೀಠದ ಮೇಲೆ ಮುರಿದ ರೊಟ್ಟಿ ಪೀಠದಲ್ಲೇ ಮುಗಿಯುವುದಿಲ್ಲ. ಅದನ್ನು ಉಂಡವರು, ಉಣ್ಣಬೇಕೆಂದು ಹಸಿದವರು, ಯಾವುದೋ ಒಂದು ಮನೆಯ ಹೊಸ್ತಿಲಿನವರೆಗೆ ನಡೆಯಬೇಕಾಗುತ್ತದೆ.

ಓದುಗರು ತಪ್ಪು ತಿಳಿಯಬಾರದು. ತೆಂಗಿನ ಮರಗಳ ವ್ಯಾಜ್ಯ ಅಂದು ತೀರಲಿಲ್ಲ. ಊಟದ ಹೊತ್ತಿನಲ್ಲಿ ಅಣ್ಣತಮ್ಮಂದಿರು ಮಳೆಯ ವಿಚಾರವನ್ನೂ ಮಾತನಾಡಲಿಲ್ಲ. ಉಂಡೆದ್ದ ತಮ್ಮ ತಾಯಿಯ ಬಳಿ ಐದು ನಿಮಿಷ ಕುಳಿತು, ಮಗಳ ಕೈ ಹಿಡಿದು ಹೊರಟುಹೋದರು. ಹೋಗುವಾಗ ಕೊಡೆಯನ್ನು ಜಗಲಿಯಲ್ಲೇ ಮರೆತರು. "ಇರಲಿ, ತೆಗೆದುಕೊಳ್ಳುವುದಕ್ಕಾದರೂ ಬರುತ್ತಾನೆ" ಎಂದರು ತಾಯಿ.

ರಾತ್ರಿಯ ಬಸ್ಸಿಗೆ ಬಿಡಲು ಬಂದ ಮಿತ್ರರು ನನ್ನ ಕೈಗೆ ಹಳೆಯ ಕಾಲದಂತೆಯೇ ಕಾಗದದ ಪೊಟ್ಟಣವೊಂದನ್ನಿಟ್ಟರು. ಬೆಂಗಳೂರಿಗೆ ಬಂದು ಅದನ್ನು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿದೆವು. ಬಳಿಕ ನಾನು, ಎಷ್ಟೋ ದಿನಗಳಿಂದ ಮಾತುಬಿಟ್ಟಿದ್ದ ನೆಂಟರೊಬ್ಬರ ಮನೆಗೆ, ಉಳಿದ ಚಿಟಿಕೆಯನ್ನು ತೆಗೆದುಕೊಂಡು ಹೊರಟೆ.